‘ಏಕೆಂದರೆ’ ಎಂಬ ಕೀಲು: ಬೆಂಗಳೂರು ದಂಡುಪ್ರದೇಶದಲ್ಲಿ ಮಕ್ಕಳ ಪದಸಂಪತ್ತು ಮತ್ತು ತರ್ಕದ ಚರಿತ್ರೆ

ಸಾರಾಂಶ: ಎಳೆಯ ಮಕ್ಕಳ ಭಾಷಾಬೆಳವಣಿಗೆಯನ್ನು ಅವರಿಗೆ ಗೊತ್ತಿರುವ ಪದಗಳ ಸಂಖ್ಯೆಯಿಂದ ಅಳೆಯುವ ರೂಢಿಗೆ ಕರ್ನಾಟಕದಲ್ಲಿ ಎರಡು ಶತಮಾನಗಳ ಹಿನ್ನೆಲೆಯಿದೆ. ಶಿವಾಜಿನಗರ, ಹಲಸೂರು ಮತ್ತು ಕೆ.ಆರ್. ಪುರವನ್ನೊಳಗೊಂಡ ಪೂರ್ವ ಬೆಂಗಳೂರನ್ನು ನೆಲೆಯಾಗಿಟ್ಟುಕೊಂಡು ಪ್ರಸ್ತುತ ಲೇಖನವು ಆ ರೂಢಿಯನ್ನು ಪರಿಶೀಲಿಸುತ್ತದೆ. ತರ್ಕವು ನಾಮಪದಗಳಲ್ಲಿ ಅಲ್ಲ, ವಾಕ್ಯಗಳನ್ನು ಜೋಡಿಸುವ ರೂಪಗಳಲ್ಲಿ ನೆಲೆಸಿದೆ. ಈ ಪ್ರದೇಶದ ಕನ್ನಡ, ತಮಿಳು, ತೆಲುಗು ಮತ್ತು ದಖನಿಗಳು ಅಂಥ ರೂಪಗಳನ್ನು ಬಹುಮಟ್ಟಿಗೆ ಒಂದೇ ಅಚ್ಚಿನಲ್ಲಿ ಕಟ್ಟಿಕೊಂಡಿವೆ. ಆದುದರಿಂದ ‘ಕನ್ನಡ ಬಾರದ ಮಗು’ ಎಂಬ ವರ್ಗೀಕರಣವು ಮಗುವಿನಲ್ಲಿ ಈಗಾಗಲೇ ಇರುವ ತಾರ್ಕಿಕ ಸಿದ್ಧತೆಯನ್ನು ಮರೆಮಾಡುತ್ತದೆ ಎಂಬುದು ಇಲ್ಲಿನ ವಾದ.

ಪ್ರಮುಖ ಪದಗಳು: ಪದಸಂಪತ್ತು, ಉದ್ಧರಣಸೂಚಕ, ಭಾಷಾಸಂಪರ್ಕ, ದಖನಿ, ಅಕ್ಷರಕಲಿಕೆ, ಪೂರ್ವ ಬೆಂಗಳೂರು

1. ಪ್ರವೇಶ

ಅಂಗನವಾಡಿಗೆ ಹೊಸದಾಗಿ ಬಂದ ಮೂರು ಅಥವಾ ನಾಲ್ಕು ವರ್ಷದ ಮಗುವಿನ ಮುಂದೆ ಚಿತ್ರಪಟವೊಂದನ್ನು ಹಿಡಿದು ‘ಇದೇನು?’ ಎಂದು ಕೇಳುವುದು ವಾಡಿಕೆ. ಮಗು ‘ಹುಲಿ’ ಎಂದರೆ ಒಂದು ಪದ ಗೊತ್ತಿದೆ ಎಂದು ಲೆಕ್ಕ. ‘ಪುಲಿ’ ಎಂದರೆ ಅಥವಾ ‘ಶೇರ್’ ಎಂದರೆ ಆ ಲೆಕ್ಕಕ್ಕೆ ಏನೂ ಸೇರುವುದಿಲ್ಲ. ಶಿವಾಜಿನಗರದ ಅಥವಾ ಹಲಸೂರಿನ ಓಣಿಗಳಿಂದ ಬರುವ ಮಕ್ಕಳಲ್ಲಿ ಅನೇಕರು ಈ ಪರೀಕ್ಷೆಯಲ್ಲಿ ಹಿಂದೆ ಬೀಳುವುದು ಸಹಜ. ಅದೇ ಮಗು ಮನೆಗೆ ಹೋಗಿ, ತಾನೇಕೆ ತಡವಾಗಿ ಬಂದೆ ಎಂಬುದಕ್ಕೆ ಎರಡು ಕಾರಣಗಳನ್ನೂ ಒಂದು ನೆಪವನ್ನೂ ಒಂದೇ ಉಸಿರಿನಲ್ಲಿ ಜೋಡಿಸಿ ಹೇಳಬಲ್ಲದು. ಆ ಸಾಮರ್ಥ್ಯವು ಚಿತ್ರಪಟದ ಲೆಕ್ಕದಲ್ಲಿ ಎಲ್ಲಿಯೂ ಕಾಣಿಸದು.

ಪದಗಳನ್ನು ಎಣಿಸುವ ಈ ದೃಷ್ಟಿ ನಮ್ಮಲ್ಲಿಗೆ ಮಾತ್ರ ಸೀಮಿತವಲ್ಲ. ಅಮೆರಿಕದಲ್ಲಿ ಹಾರ್ಟ್ ಮತ್ತು ರಿಸ್ಲಿ 1995ರಲ್ಲಿ ಪ್ರಕಟಿಸಿದ ಅಧ್ಯಯನವು ಬಡ ಕುಟುಂಬಗಳ ಮಕ್ಕಳು ಮೂರು ವರ್ಷ ತುಂಬುವುದರೊಳಗೆ ಮೂರು ಕೋಟಿ ಪದಗಳಷ್ಟು ಕಡಿಮೆ ಮಾತನ್ನು ಕೇಳಿಸಿಕೊಂಡಿರುತ್ತಾರೆ ಎಂಬ ಅಂದಾಜನ್ನು ಜನಪ್ರಿಯಗೊಳಿಸಿತು. ಮಗುವಿನ ಸುತ್ತ ಇತರರು ಆಡುವ ಮಾತನ್ನೂ ಗಣನೆಗೆ ತೆಗೆದುಕೊಂಡಾಗ ಆ ಅಂತರ ನಿಲ್ಲುವುದಿಲ್ಲವೆಂದು ಸ್ಪೆರಿ ಮತ್ತು ಸಂಗಡಿಗರು 2019ರಲ್ಲಿ ತೋರಿಸಿದರು. ಇದಕ್ಕೂ ಮೊದಲು, 1969ರಲ್ಲಿಯೇ, ಲೆಬಾವ್ ಅವರು ‘ಭಾಷಾದಾರಿದ್ರ್ಯ’ ಎಂಬ ಕಲ್ಪನೆಯನ್ನು ಪ್ರಶ್ನಿಸಿ, ಪ್ರಮಾಣಭಾಷೆಯಲ್ಲದ ಇಂಗ್ಲಿಷಿನಲ್ಲಿಯೂ ತರ್ಕವು ಸಂಪೂರ್ಣವಾಗಿ ಇರುತ್ತದೆ ಎಂದು ವಾದಿಸಿದ್ದರು. ಅದೇ ಪ್ರಶ್ನೆಯನ್ನು ನಮ್ಮ ನೆಲದಲ್ಲಿ ಕೇಳುವಾಗ ಒಂದು ವ್ಯತ್ಯಾಸವಿದೆ: ಇಲ್ಲಿ ಮಗುವಿನ ಮನೆಮಾತು ಶಾಲೆಯ ಭಾಷೆಯ ಉಪಭಾಷೆಯಲ್ಲ, ಬೇರೆಯೇ ಭಾಷೆ. ಆದರೂ ಆ ಭಾಷೆಗಳು ಒಂದಕ್ಕೊಂದು ಅಪರಿಚಿತವಲ್ಲ.

2. ಕಂಠಪಾಠದಿಂದ ನಿಘಂಟಿಗೆ

ಮದರಾಸು ಗವರ್ನರ್ ಥಾಮಸ್ ಮನ್ರೊ 1822ರಲ್ಲಿ ಆರಂಭಿಸಿದ ಶಾಲಾವಿಚಾರಣೆಗೆ ಉತ್ತರವಾಗಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಸಲ್ಲಿಸಿದ ವರದಿಯು ಕನ್ನಡ ನಾಡಿನ ಬಾಲಶಿಕ್ಷಣದ ಬಗ್ಗೆ ನಮಗೆ ದೊರೆತಿರುವ ವಿವರವಾದ ದಾಖಲೆಗಳಲ್ಲಿ ಒಂದು. ಜಿಲ್ಲೆಯಲ್ಲಿ 533 ಶಾಲೆಗಳಿದ್ದವೆಂದು ಅದು ಲೆಕ್ಕ ಕೊಡುತ್ತದೆ. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು, ಹಿರಿಯ ವಿದ್ಯಾರ್ಥಿ ಕಿರಿಯನಿಗೆ ಕಲಿಸುವುದು ಮೊದಲಾದ ಕ್ರಮಗಳನ್ನು ಕ್ಯಾಂಪ್‌ಬೆಲ್ ಮೆಚ್ಚಿ ಬರೆದಿದ್ದಾನೆ. ಆದರೆ ಆತನ ಮುಖ್ಯ ಆಕ್ಷೇಪ ಬೇರೆ: ಕನ್ನಡ ಮತ್ತು ತೆಲುಗು ಶಾಲೆಗಳಲ್ಲಿ ಓದಿಸುವ ಗ್ರಂಥಗಳು ಪದ್ಯರೂಪದಲ್ಲಿದ್ದು ಆಡುಮಾತಿಗೆ ದೂರವಾದ ಕಾವ್ಯಭಾಷೆಯಲ್ಲಿವೆ, ಆದುದರಿಂದ ಮಕ್ಕಳು ಅರ್ಥವಿಲ್ಲದೆ ಉಚ್ಚರಿಸುವುದನ್ನು ಮಾತ್ರ ಕಲಿಯುತ್ತಾರೆ. ಈ ವರದಿಯನ್ನು ಧರಂಪಾಲರು 1983ರಲ್ಲಿ ಮರುಮುದ್ರಿಸಿದ ಮೇಲೆ ಚರ್ಚೆ ಬಹುಪಾಲು ಶಾಲೆಗಳ ಸಂಖ್ಯೆಯ ಸುತ್ತಲೇ ನಡೆಯಿತು. ಭಾಷಾವಿಜ್ಞಾನಿಗೆ ಹೆಚ್ಚು ಮುಖ್ಯವಾದುದು ಆ ಆಕ್ಷೇಪವೇ: ಪದಗಳು ಬಾಯಲ್ಲಿದ್ದೂ ಯೋಚನೆಯ ಸಾಧನವಾಗದೆ ಉಳಿಯಬಲ್ಲವು.

ಅದೇ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಕೆಲಸದಲ್ಲಿದ್ದು ಮುಂದೆ ಬೆಂಗಳೂರಿಗೆ ಬಂದ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಪ್ರಕಟಿಸಿದನು. ಎರಡನೆಯದನ್ನು ಡೇನಿಯಲ್ ಸ್ಯಾಂಡರ್‌ಸನ್ ಪರಿಷ್ಕರಿಸಿ 1858ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದಿಂದ ಹೊರತಂದನು. ಈ ನಿಘಂಟುಗಳ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಅವುಗಳೊಂದಿಗೆ ಪದಗಳ ಬಗೆಗಿನ ಕಲ್ಪನೆಯೂ ಬದಲಾಯಿತು. ಅಮರಕೋಶವನ್ನು ಕಂಠಸ್ಥಮಾಡಿಸುತ್ತಿದ್ದ ಹಳೆಯ ಪದ್ಧತಿಯಲ್ಲಿ ಪದಗಳು ವರ್ಗಗಳಾಗಿ, ಅರ್ಥಸಂಬಂಧದ ಕಟ್ಟಿನಲ್ಲಿ ಬರುತ್ತಿದ್ದವು. ಅಕಾರಾದಿ ನಿಘಂಟಿನಲ್ಲಿ ಪ್ರತಿ ಪದವೂ ಒಂಟಿ. ಅದಕ್ಕೆ ನೆರೆಯವನು ಅರ್ಥದ ಬಂಧುವಲ್ಲ, ಅಕ್ಷರದ ಬಂಧು. ಶಾಲೆಯ ಬಾಲಬೋಧೆಗಳು ಮುಂದೆ ಈ ಅಕ್ಷರಬಂಧುತ್ವವನ್ನೇ ಅನುಸರಿಸಿದವು.

ಎರಡೂ ಪದ್ಧತಿಗಳಿಗೆ ಸಮಾನವಾದ ಕೊರತೆಯೊಂದಿತ್ತು. ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಅವ್ಯಯ ಪ್ರಕರಣವು ಎಂಟು ಪ್ರಕರಣಗಳಲ್ಲಿ ಕೊನೆಯದು. ವ್ಯಾಕರಣಕ್ಕೆ ಆ ಕ್ರಮ ಸಹಜವೇ ಸರಿ. ಆದರೆ ಬಾಲಪಾಠದಲ್ಲಿಯೂ ವಾಕ್ಯಗಳನ್ನು ಬೆಸೆಯುವ ರೂಪಗಳು ಕೊನೆಗೇ ಉಳಿದವು. ಈ ಲೇಖನದಲ್ಲಿ ಅವನ್ನು ‘ಕೀಲುಪದ’ಗಳೆಂದು ಕರೆಯಲಾಗಿದೆ: ಏಕೆಂದರೆ, ಆದ್ದರಿಂದ, ಆದರೂ, ಇಲ್ಲದಿದ್ದರೆ, ಎಂದು ಮೊದಲಾದವು.

3. ದಂಡಿನ ಗಡಿ

ಬೆಂಗಳೂರಿನ ದಂಡು 1809ರಲ್ಲಿ ಹಲಸೂರಿನ ಆಸುಪಾಸಿನ ಭೂಮಿಯಲ್ಲಿ ನೆಲೆಗೊಂಡಿತು. ಸೈನ್ಯದ ಹಿಂದೆ ಮದರಾಸು ಪ್ರಾಂತ್ಯದಿಂದ ತಮಿಳು ಮತ್ತು ತೆಲುಗು ಮಾತನಾಡುವ ಗುತ್ತಿಗೆದಾರರು, ಕುಶಲಕರ್ಮಿಗಳು, ಮನೆಗೆಲಸದವರು ಬಂದರು. ದಖನಿ ಮಾತನಾಡುವ ವ್ಯಾಪಾರಿಗಳೂ ಸಿಪಾಯಿಗಳೂ ನೆಲೆಸಿದರು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿಯೇ ಉಳಿಯಿತು; ಮೈಸೂರಿಗೆ ಮರಳಿದ್ದು 1947ರಲ್ಲಿ. ಎರಡು ಪುರಸಭೆಗಳು ಸೇರಿ ಬೆಂಗಳೂರು ನಗರಪಾಲಿಕೆಯಾದದ್ದು 1949ರಲ್ಲಿ.

ಬಾಲಶಿಕ್ಷಣದ ದೃಷ್ಟಿಯಿಂದ ಈ ಗಡಿ ಬಹಳ ಮುಖ್ಯ. ಮೈಸೂರಿನಲ್ಲಿ ವಿದ್ಯಾ ಇಲಾಖೆ 1857ರಲ್ಲಿ ಆರಂಭವಾಗಿ, ಬಿ.ಎಲ್. ರೈಸ್ ಅವರ ಕಾಲದ 1868ರ ಹೋಬಳಿ ಶಾಲೆಗಳ ಯೋಜನೆಯ ಮೂಲಕ ಕನ್ನಡ ಪ್ರಾಥಮಿಕ ಶಿಕ್ಷಣ ಹಳ್ಳಿಗಳಿಗೆ ಹರಡಿತು. ದಂಡಿನಲ್ಲಿ ಚಿತ್ರ ಬೇರೆ. ಆರ್ಕಾಟ್ ನಾರಾಯಣಸ್ವಾಮಿ ಮುದಲಿಯಾರರು 1873ರಲ್ಲಿ ಬಡಮಕ್ಕಳಿಗಾಗಿ ತೆರೆದ ಶಾಲೆ, ಮಿಷನ್ ಶಾಲೆಗಳು, ಕಾನ್ವೆಂಟುಗಳು ಮತ್ತು ಉರ್ದು ಶಾಲೆಗಳು ಭಿನ್ನ ಭಾಷೆಗಳಲ್ಲಿ ನಡೆದವು. ಕನ್ನಡವು ಇಲ್ಲಿ ಶಾಲೆಯ ಭಾಷೆಯಾಗುವುದಕ್ಕಿಂತ ಹೆಚ್ಚಾಗಿ ಮಾರುಕಟ್ಟೆಯ, ನೆರೆಹೊರೆಯ, ಹಾಲು ತರಕಾರಿ ತರುವ ಸುತ್ತಲ ಹಳ್ಳಿಗರ ಭಾಷೆಯಾಗಿತ್ತು. ಹೀಗಾಗಿ ದಂಡಿನ ಮಗುವಿಗೆ ಕನ್ನಡ ಮೊದಲು ತಲುಪಿದ್ದು ಪಠ್ಯದಿಂದಲ್ಲ, ವ್ಯವಹಾರದಿಂದ. ಬೆಲೆ ಕೇಳುವುದು, ಚೌಕಾಸಿ ಮಾಡುವುದು, ಕಾರಣ ಕೊಡುವುದು, ಒಪ್ಪದಿರುವುದು ಇವೆಲ್ಲ ವ್ಯವಹಾರದಲ್ಲಿ ಅನಿವಾರ್ಯ. ಇವಕ್ಕೆ ಬೇಕಾದುದು ನಾಮಪದಗಳಿಗಿಂತ ಹೆಚ್ಚಾಗಿ ಕೀಲುಪದಗಳು.

4. ಯಾವ ಭಾಷೆ ಎಂಬ ಚರ್ಚೆ, ಯಾವ ಪದ ಎಂಬ ಮೌನ

1981ರ ಗೋಕಾಕ್ ವರದಿ, 1982ರ ಚಳವಳಿ, ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂದ 1994ರ ಸರಕಾರಿ ಆದೇಶ, ಅದನ್ನು ಅಸಿಂಧುಗೊಳಿಸಿ ಮಾತೃಭಾಷೆ ಯಾವುದೆಂಬುದನ್ನು ತಂದೆತಾಯಿಯರೇ ನಿರ್ಧರಿಸಬೇಕೆಂದ ಸರ್ವೋಚ್ಚ ನ್ಯಾಯಾಲಯದ 2014ರ ಸಂವಿಧಾನ ಪೀಠದ ತೀರ್ಪು: ಈ ದೀರ್ಘ ಚರ್ಚೆಯ ವಿವರಗಳು ಓದುಗರಿಗೆ ಪರಿಚಿತ. ಇಲ್ಲಿ ಗಮನಿಸಬೇಕಾದುದು ಇಷ್ಟೇ: ಚರ್ಚೆಯೆಲ್ಲವೂ ‘ಯಾವ ಭಾಷೆಯಲ್ಲಿ’ ಎಂಬುದರ ಬಗ್ಗೆ ನಡೆಯಿತು, ಆ ಭಾಷೆಯೊಳಗೆ ಮೊದಲು ಯಾವ ರೂಪಗಳನ್ನು ಮಗುವಿನ ಮುಂದಿಡಬೇಕು ಎಂಬ ಪ್ರಶ್ನೆ ನ್ಯಾಯಾಲಯದ ಅಂಗಳಕ್ಕೆ ಬರುವಂಥದಲ್ಲವಾದರೂ, ವಿದ್ವತ್ ವಲಯದಲ್ಲಿಯೂ ವಿರಳವಾಗಿಯೇ ಉಳಿಯಿತು.

ಇದೇ ಅವಧಿಯಲ್ಲಿ ಎರಡು ಮಹತ್ವದ ಪ್ರಯೋಗಗಳು ಆದವು. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರಲ್ಲಿ ಆರಂಭವಾದಾಗ ಕರ್ನಾಟಕದಲ್ಲಿ ಅದರ ಮೊದಲ ನೆಲೆ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕು. ನಗರದ ಬಡಾವಣೆಗಳ ಅಂಗನವಾಡಿಗಳು ಆ ಯೋಜನೆಯ ವಿಸ್ತರಣೆಯೇ. ಮುಂದೆ 1995ರಲ್ಲಿ ಅದೇ ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ರಿಷಿ ವ್ಯಾಲಿಯ ಮಾದರಿಯಿಂದ ಪ್ರೇರಣೆ ಪಡೆದು, ನಲಿ-ಕಲಿ ರೂಪುಗೊಂಡಿತು. ಕಾರ್ಡುಗಳು, ಕಲಿಕಾ ಏಣಿ, ಗುಂಪು ಚಟುವಟಿಕೆಗಳ ಮೂಲಕ ಮಗು ತನ್ನ ವೇಗದಲ್ಲಿ ಮುಂದೆ ಸಾಗುವ ಈ ಕ್ರಮ ಕಂಠಪಾಠದ ಹಿಡಿತವನ್ನು ಸಡಿಲಿಸಿತು.

ಆದರೆ ಅಕ್ಷರದ ಹಿಡಿತ ಸಡಿಲವಾಗಲಿಲ್ಲ. ಕರ್ನಾಟಕದ ಒಂದನೆಯ ತರಗತಿಗಳಲ್ಲಿ ಪ್ರಚಲಿತವಾದ ‘ರ ಗ ಸ ದ ಅ’ ಎಂದು ಆರಂಭವಾಗುವ ಅಕ್ಷರಕ್ರಮವನ್ನೇ ನೋಡಬಹುದು. ಬರೆಯಲು ಸರಳವಾದ, ಆಕಾರದಲ್ಲಿ ಹೋಲುವ ಅಕ್ಷರಗಳನ್ನು ಮೊದಲು ಕಲಿಸುವ ಈ ಕ್ರಮ ವರ್ಣಮಾಲೆಯ ಕ್ರಮಕ್ಕಿಂತ ಖಂಡಿತವಾಗಿ ಸುಧಾರಿತ. ಆದರೆ ಆ ಐದು ಅಕ್ಷರಗಳಿಂದ ಕಟ್ಟಬಹುದಾದ ಪದಗಳು ಯಾವುವು? ಅರಸ, ಅಗಸ, ಸರ, ದರ, ಗರಗಸ. ಮಗು ಮೊದಲು ಓದುವ ಪದ ಅದಕ್ಕೆ ಬೇಕಾದ ಪದವಲ್ಲ, ಅಕ್ಷರಗಳು ಅನುಮತಿಸಿದ ಪದ. ಕೀಲುಪದಗಳ ಸ್ಥಿತಿ ಇನ್ನೂ ಕಷ್ಟ. ‘ಏಕೆಂದರೆ’ ಓದಲು ಎತ್ವವೂ ಅನುಸ್ವಾರವೂ ಬೇಕು, ‘ಆದ್ದರಿಂದ’ಕ್ಕೆ ಒತ್ತಕ್ಷರ, ಗುಣಿತ ಮತ್ತು ಅನುಸ್ವಾರ ಬೇಕು, ‘ಇಲ್ಲದಿದ್ದರೆ’ಗೆ ಎರಡು ಒತ್ತಕ್ಷರಗಳು ಬೇಕು. ಕನ್ನಡದ ಅಕ್ಷರಕಲಿಕೆ ಮೊದಲ ತರಗತಿಯಲ್ಲಿ ಮುಗಿಯದೆ ಪ್ರಾಥಮಿಕ ಶಾಲೆಯ ಹಲವು ವರ್ಷಗಳಿಗೆ ಚಾಚಿಕೊಳ್ಳುತ್ತದೆ ಎಂಬುದನ್ನು ಸೋನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಅಂದರೆ, ನಾಲ್ಕು ವರ್ಷದ ಮಗು ಬಾಯಲ್ಲಿ ಸಲೀಸಾಗಿ ಬಳಸುವ ತಾರ್ಕಿಕ ರೂಪವನ್ನು ಅದೇ ಮಗು ಮುದ್ರಿತ ಪುಟದಲ್ಲಿ ಭೇಟಿಯಾಗುವುದು ವರ್ಷಗಳ ನಂತರ. ಓದುವ ಭಾಷೆ ಮತ್ತು ಯೋಚಿಸುವ ಭಾಷೆ ಎರಡೂ ಕನ್ನಡವೇ ಆಗಿದ್ದರೂ ಅವುಗಳ ನಡುವೆ ಈ ಅಂತರ ಉಂಟಾಗುತ್ತದೆ. ಕ್ಯಾಂಪ್‌ಬೆಲ್ಲನ ಆಕ್ಷೇಪ ಬೇರೆ ವೇಷದಲ್ಲಿ ಮರಳಿದಂತಿದೆ.

5. ನಾಲ್ಕು ಭಾಷೆ, ಒಂದು ಅಚ್ಚು

ಕೀಲುಪದಗಳ ಮೂಲಕ ಮಕ್ಕಳ ತರ್ಕವನ್ನು ಅರಿಯುವ ಪ್ರಯತ್ನ ಹೊಸದಲ್ಲ. ಪಿಯಾಜೆ 1924ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ‘ಏಕೆಂದರೆ’, ‘ಆದಾಗ್ಯೂ’ಗಳಿಗೆ ಸಮಾನವಾದ ಫ್ರೆಂಚ್ ಪದಗಳಲ್ಲಿ ನಿಲ್ಲುವ ಅಪೂರ್ಣ ವಾಕ್ಯಗಳನ್ನು ಮಕ್ಕಳಿಂದ ಪೂರ್ಣಗೊಳಿಸಿದರು. ವೈಗಾಟ್‌ಸ್ಕಿಯವರು 1934ರ ಗ್ರಂಥದಲ್ಲಿ ಅದೇ ವಿಧಾನದ ಮುಖಾಂತರ ಶಾಲೆಯಲ್ಲಿ ಕಲಿತ ಪರಿಕಲ್ಪನೆಗಳನ್ನೂ ದಿನನಿತ್ಯದ ಪರಿಕಲ್ಪನೆಗಳನ್ನೂ ಹೋಲಿಸಿದರು. ಇಬ್ಬರಿಗೂ ವಿರೋಧಸೂಚಕ ರೂಪವು ಕಾರಣಸೂಚಕ ರೂಪಕ್ಕಿಂತ ತಡವಾಗಿ ಸ್ಥಿರಗೊಳ್ಳುವುದು ಕಂಡಿತು.

ಈಗ ದಂಡುಪ್ರದೇಶದ ಭಾಷೆಗಳತ್ತ ತಿರುಗೋಣ. ಕನ್ನಡದ ‘ಏಕೆಂದರೆ’ ಎಂಬುದು ‘ಏಕೆ’ + ‘ಎಂದರೆ’. ಅಂದರೆ ‘ಏಕೆ ಎಂದು ಕೇಳಿದರೆ’. ತಮಿಳಿನ ‘ಏನೆನ್ಱಾಲ್’, ಆಡುಮಾತಿನ ‘ಏನ್ನಾ’, ಅದೇ ರಚನೆ. ತೆಲುಗಿನ ‘ಎಂದುಕಂಟೇ’ ಕೂಡ ‘ಎಂದುಕು’ + ‘ಅಂಟೇ’. ಇವು ಮೂರೂ ದ್ರಾವಿಡ ಭಾಷೆಗಳಾದ್ದರಿಂದ ಸಾಮ್ಯ ಸಹಜವೆನ್ನಬಹುದು. ಆದರೆ ದಖನಿಯ ‘ಕ್ಯೂಂ ಬೋಲೇ ತೋ’ ಸಹ ಪದಶಃ ‘ಏಕೆ ಎಂದರೆ’ ಎಂಬುದೇ. ಉತ್ತರದ ಉರ್ದುವಿನ ‘ಕ್ಯೂಂಕಿ’ಯನ್ನು ಬದಿಗಿರಿಸಿ ದಖನಿಯು ತನ್ನ ಸ್ವಂತ ಸಾಮಗ್ರಿಯಿಂದ ನೆರೆಯ ಭಾಷೆಗಳ ಅಚ್ಚನ್ನು ಎರಕ ಹೊಯ್ದುಕೊಂಡಿದೆ. ನಾಲ್ಕರಲ್ಲಿಯೂ ಕಾರಣವು ಒಂದು ಪುಟ್ಟ ಸಂವಾದ: ಆಡುವವನು ಕೇಳುವವನ ಪ್ರಶ್ನೆಯನ್ನು ತಾನೇ ಎತ್ತಿಕೊಂಡು ತಾನೇ ಉತ್ತರಿಸುತ್ತಾನೆ. ಸಂವಾದವು ಒಳಸರಿದು ಚಿಂತನೆಯಾಗುತ್ತದೆ ಎಂಬ ವೈಗಾಟ್‌ಸ್ಕಿಯವರ ಪ್ರತಿಪಾದನೆಗೆ ಈ ರಚನೆಗಿಂತ ಸ್ಪಷ್ಟವಾದ ವ್ಯಾಕರಣದ ನಿದರ್ಶನ ದೊರೆಯುವುದು ಕಷ್ಟ.

ಉದ್ಧರಣಸೂಚಕದ ವಿಷಯವೂ ಹೀಗೆಯೇ. ‘ಮಳೆ ಬರುತ್ತದೆ ಅಂತ ಕೊಡೆ ತಂದೆ’ ಎಂಬ ಕನ್ನಡ ವಾಕ್ಯದ ‘ಅಂತ’, ತಮಿಳಿನ ‘-ನ್ನು’, ತೆಲುಗಿನ ‘ಅನಿ’, ದಖನಿಯ ‘ಬೋಲ್‌ಕೆ’ ಇವು ನಾಲ್ಕೂ ‘ಎಂದು ಹೇಳಿ’ ಎಂಬ ಮೂಲಾರ್ಥದಿಂದ ಕಾರಣದ ಅರ್ಥಕ್ಕೆ ಸಾಗಿವೆ. ಇಲ್ಲೊಂದು ಸೂಕ್ಷ್ಮವಿದೆ. ‘ಮಳೆ ಬಂದದ್ದರಿಂದ’ ಎಂದರೆ ಮಳೆ ಬಂದದ್ದು ವಾಸ್ತವ. ‘ಮಳೆ ಬರುತ್ತದೆ ಅಂತ’ ಎಂದರೆ ಮಳೆ ಬಾರದೆಯೂ ಇರಬಹುದು, ಕಾರಣವಾದದ್ದು ಕರ್ತೃವಿನ ನಂಬಿಕೆ. ವಾಸ್ತವವಾದ ಕಾರಣವನ್ನೂ ನಂಬಿಕೆಯ ಕಾರಣವನ್ನೂ ಬೇರ್ಪಡಿಸುವ ಸೌಲಭ್ಯ ಈ ಭಾಷೆಗಳ ಮಗುವಿಗೆ ದಿನಬಳಕೆಯ ಒಂದು ಪ್ರತ್ಯಯದಲ್ಲಿಯೇ ದೊರೆಯುತ್ತದೆ.

ಮೂರನೆಯದು ಷರತ್ತು ಮತ್ತು ಅದರ ವಿರೋಧ. ಕನ್ನಡದ ‘ಬಂದರೆ’ – ‘ಬಂದರೂ’, ತಮಿಳಿನ ‘ವಂದಾಲ್’ – ‘ವಂದಾಲುಂ’, ದಖನಿಯ ‘ಆಯೇ ತೋ’ – ‘ಆಯೇ ತೋ ಭೀ’ ಈ ಜೋಡಿಗಳಲ್ಲಿ ಎರಡನೆಯದು ಮೊದಲನೆಯದಕ್ಕೆ ‘ಸಹ’ ಎಂಬರ್ಥದ ರೂಪವನ್ನು ಸೇರಿಸಿದಾಗ ಆಗುತ್ತದೆ. ತೆಲುಗಿನ ‘ವಸ್ತೇ’ – ‘ವಚ್ಚಿನಾ’ ಜೋಡಿಯಲ್ಲಿ ಈ ಪಾರದರ್ಶಕತೆ ಕಡಿಮೆ. ಪಿಯಾಜೆಯವರ ಮಕ್ಕಳಿಗೆ ವಿರೋಧಸೂಚಕವು ಪ್ರತ್ಯೇಕವಾಗಿ ಕಲಿಯಬೇಕಾದ ಪದ; ಇಲ್ಲಿ ಅದು ಷರತ್ತಿನಿಂದಲೇ ಹುಟ್ಟುವ ರೂಪ. ಈ ಪಾರದರ್ಶಕತೆಯು ಕಲಿಕೆಯನ್ನು ಬೇಗ ಸಾಧ್ಯವಾಗಿಸುತ್ತದೆಯೇ ಎಂಬುದು ಪರೀಕ್ಷಿಸಬಹುದಾದ ಊಹೆ. ತೆಲುಗು ಮಕ್ಕಳೊಡನೆ ಹೋಲಿಕೆಯೇ ಅದಕ್ಕೆ ಸ್ವಾಭಾವಿಕ ಪ್ರಯೋಗವಾಗಬಲ್ಲದು.

ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ವಿವರಿಸಿದ ಸಾಂಗ್ಲಿ ಜಿಲ್ಲೆಯ ಕುಪ್ವಾಡದಲ್ಲಿ ಕನ್ನಡ, ಮರಾಠಿ, ಉರ್ದುಗಳು ಪದಗಳಲ್ಲಿ ಬೇರೆಯಾಗಿ ಉಳಿದು ವಾಕ್ಯರಚನೆಯಲ್ಲಿ ಒಂದಾದುದನ್ನು ಭಾಷಾವಿಜ್ಞಾನಿಗಳು ಬಲ್ಲರು. ಆ ಹಳ್ಳಿಯ ಪಾಠವನ್ನು ಶಿವಾಜಿನಗರದ ಶಿಶುಶಿಕ್ಷಣಕ್ಕೆ ಅನ್ವಯಿಸಿದರೆ ಫಲಿತಾಂಶ ನೇರವಾದುದು: ಮಗು ಹೊಸದಾಗಿ ಕಲಿಯಬೇಕಾದುದು ಪದವನ್ನು, ತರ್ಕವನ್ನಲ್ಲ.

ಎಳೆಯ ವಯಸ್ಸಿನಲ್ಲಿಯೇ ರಚನೆಯ ಜ್ಞಾನ ಆಳವಾಗಿರುತ್ತದೆ ಎಂಬುದಕ್ಕೆ ಕನ್ನಡದ್ದೇ ಸಾಕ್ಷ್ಯವಿದೆ. ಲಿಡ್ಜ್ ಮತ್ತು ಮುಸೊಲಿನೊ 2002ರಲ್ಲಿ ‘ಎರಡು ಪುಸ್ತಕ ಓದಲಿಲ್ಲ’ ಎಂಬ ಮಾದರಿಯ ದ್ವಂದ್ವಾರ್ಥದ ವಾಕ್ಯಗಳನ್ನು ನಾಲ್ಕು ವರ್ಷದ ಮಕ್ಕಳು ಹೇಗೆ ಅರ್ಥೈಸುತ್ತಾರೆಂದು ಪರೀಕ್ಷಿಸಿದರು. ಇಂಗ್ಲಿಷಿನಲ್ಲಿ ನಿಷೇಧವು ಸಂಖ್ಯಾಪದಕ್ಕೆ ಮೊದಲು ಬರುತ್ತದೆ, ಕನ್ನಡದಲ್ಲಿ ನಂತರ. ಆದರೂ ಎರಡೂ ಭಾಷೆಗಳ ಮಕ್ಕಳು ನಿಷೇಧಕ್ಕೆ ಹೆಚ್ಚಿನ ವ್ಯಾಪ್ತಿ ನೀಡುವ ಅರ್ಥವನ್ನೇ ಆರಿಸಿಕೊಂಡರು. ಮಕ್ಕಳನ್ನು ನಡೆಸಿದ್ದು ಪದಗಳ ಸಾಲಲ್ಲ, ವಾಕ್ಯದ ಒಳಕಟ್ಟು.

6. ಪದಗಳ ಕಡೆಗೆ ಮತ್ತೊಮ್ಮೆ

ಇದರ ಅರ್ಥ ಪದಸಂಪತ್ತು ಮುಖ್ಯವಲ್ಲ ಎಂದಲ್ಲ. ಅದನ್ನು ಬೆಳೆಸುವ ದಾರಿ ಬೇರೆ ಎಂದು. ಹಳಗನ್ನಡದ ಪದಾದಿ ಪಕಾರ ಹಕಾರವಾಗಿರುವುದರಿಂದ ತಮಿಳಿನ ‘ಪಾಲ್, ಪುಲಿ, ಪೂ, ಪತ್ತು’ ಕನ್ನಡದಲ್ಲಿ ‘ಹಾಲು, ಹುಲಿ, ಹೂ, ಹತ್ತು’. ತಮಿಳಿನ ವಕಾರಕ್ಕೆ ಕನ್ನಡದಲ್ಲಿ ಬಕಾರ: ‘ವಾಯ್ – ಬಾಯಿ’, ‘ವಿರಲ್ – ಬೆರಳು’, ‘ವಾ – ಬಾ’. ಈ ಎರಡು ಅನುರೂಪತೆಗಳನ್ನು ಆಟವಾಗಿ ತೋರಿಸಿದರೆ ಮಗು ಹತ್ತು ಪದ ಕಲಿಯುವುದಷ್ಟೇ ಅಲ್ಲ, ಒಂದು ನಿಯಮವನ್ನು ಊಹಿಸಿ ಹನ್ನೊಂದನೆಯದನ್ನು ತಾನೇ ಕಟ್ಟುತ್ತದೆ. ಪದ ಬೆಳೆಯುವುದೂ ತರ್ಕ ಬೆಳೆಯುವುದೂ ಅಲ್ಲಿ ಒಂದೇ ಕ್ರಿಯೆ. ಹಲಸೂರು ಎಂಬ ಹೆಸರಿನ ‘ಹಲಸು’ ಹಿಂದೆ ‘ಪಲಸು’ ಆಗಿದ್ದುದನ್ನೂ ತಮಿಳಿನ ‘ಪಲಾ’ ಅದರ ಬಂಧುವೆಂಬುದನ್ನೂ ಆ ಊರಿನ ಮಗುವಿಗೆ ಹೇಳದಿರಲು ಕಾರಣವಿಲ್ಲ.

ಕೊಡುಕೊಳೆ ಒಮ್ಮುಖವೂ ಅಲ್ಲ. ತಮಿಳು ಮತ್ತು ತೆಲುಗು ಮಗುವಿಗೆ ‘ನಾವು’ ಎಂಬುದರಲ್ಲಿ ಎರಡು ಬಗೆಯಿದೆ: ಕೇಳುವವನನ್ನು ಒಳಗೊಂಡ ‘ನಾಮ್’, ‘ಮನಮು’, ಹೊರಗಿಟ್ಟ ‘ನಾಂಗಳ್’, ‘ಮೇಮು’. ಇಂದಿನ ಕನ್ನಡದಲ್ಲಿ ಈ ಭೇದವಿಲ್ಲ. ಸಮೂಹದೊಳಗೆ ಯಾರಿದ್ದಾರೆ, ಯಾರಿಲ್ಲ ಎಂಬ ವಿವೇಚನೆಯನ್ನು ಆ ಮಗು ತರಗತಿಗೆ ತನ್ನೊಡನೆ ತರುತ್ತದೆ. ಇತ್ತ ಸಂಖ್ಯೆಗಳಲ್ಲಿ ಕನ್ನಡಕ್ಕೆ ಕೊಡುವುದಿದೆ. ‘ಇಪ್ಪತ್ತೊಂದು’ ಎಂದರೆ ಇಪ್ಪತ್ತು ಮತ್ತು ಒಂದು ಎಂದು ಕಿವಿಗೇ ತಿಳಿಯುತ್ತದೆ. ದಖನಿಯ ‘ಇಕ್ಕೀಸ್’ನಲ್ಲಿ ಅದು ಮುಚ್ಚಿಹೋಗಿದೆ, ‘ಉನ್ನೀಸ್’ ಎಂಬುದಂತೂ ಇಪ್ಪತ್ತಕ್ಕೆ ಒಂದು ಕಡಿಮೆ ಎಂಬ ಹಳೆಯ ಲೆಕ್ಕ. ಸ್ಥಾನಬೆಲೆಯನ್ನು ಕಲಿಯುವ ಉರ್ದು ಶಾಲೆಯ ಮಗುವಿಗೆ ನೆರೆಮನೆಯ ಕನ್ನಡದ ಎಣಿಕೆ ಒಳ್ಳೆಯ ಉಪಕರಣ.

7. ಪೂರ್ವದ ಹೊಸ ಅಂಚು

1948ರಲ್ಲಿ ಸ್ಥಾಪನೆಯಾದ ಭಾರತೀಯ ದೂರವಾಣಿ ಕೈಗಾರಿಕೆಯ ದೂರವಾಣಿನಗರವು ಕೆ.ಆರ್. ಪುರದ ಪಕ್ಕಕ್ಕೆ ಬಹುಭಾಷಿಕ ಕಾರ್ಮಿಕ ಬಡಾವಣೆಯನ್ನು ತಂದಿತು. ಈಚಿನ ದಶಕಗಳಲ್ಲಿ ಕಟ್ಟಡ ಕಾಮಗಾರಿಯೊಡನೆ ಬಂಗಾಳಿ, ಒಡಿಯಾ, ಹಿಂದಿ ಮಾತನಾಡುವ ಕುಟುಂಬಗಳೂ ಈ ಭಾಗದಲ್ಲಿ ನೆಲೆಸಿವೆ. ಇವರ ಮಕ್ಕಳ ವಿಷಯದಲ್ಲಿ ‘ಕನ್ನಡದ ಗಂಧವೇ ಇಲ್ಲ’ ಎಂಬ ಮಾತು ಸುಲಭವಾಗಿ ಹೊರಡುತ್ತದೆ. ಆದರೆ ಬಂಗಾಳಿಯ ‘ಬೋಲೆ’ ಮತ್ತು ಒಡಿಯಾದ ‘ಬೋಲಿ’ ಸಹ ‘ಎಂದು ಹೇಳಿ’ ಎಂಬರ್ಥದಿಂದ ಹೊರಟು ಉದ್ಧರಣವನ್ನೂ ಕಾರಣವನ್ನೂ ಸೂಚಿಸುವ ರೂಪಗಳು. ಎಮೆನೊ 1956ರಲ್ಲಿ ಭಾರತವನ್ನು ಒಂದು ಭಾಷಾವಲಯವೆಂದು ಕರೆದಾಗ ಮುಂದಿಟ್ಟ ದೃಷ್ಟಿ ಕಟ್ಟಡ ಕಾರ್ಮಿಕರ ಶೆಡ್ಡಿನ ಮಗುವಿಗೂ ಸಲ್ಲುತ್ತದೆ. ಕನ್ನಡದ ‘ಅಂತ’ ಅದಕ್ಕೆ ಹೊಸ ಶಬ್ದ, ಹೊಸ ಯೋಚನೆಯಲ್ಲ. ಹಿಂದಿಯ ಮಗುವಿಗೆ ಮಾತ್ರ, ‘ಕಿ’ ಎಂಬ ರೂಪ ಉಪವಾಕ್ಯದ ಮೊದಲು ಬರುವುದರಿಂದ, ಸ್ಥಾನಪಲ್ಲಟದ ಹೆಚ್ಚಿನ ಕೆಲಸವಿದೆ; ಶಿಕ್ಷಕಿಗೆ ಅದು ಗೊತ್ತಿದ್ದರೆ ಸಾಕು.

8. ಉಪಸಂಹಾರ

ಮೇಲಿನ ಚರ್ಚೆಯಿಂದ ಮೂರು ಮಾತುಗಳನ್ನು ಮುಂದಿಡಬಹುದು. ಮೊದಲನೆಯದಾಗಿ, ಕನ್ನಡ ನಾಡಿನ ಬಾಲಶಿಕ್ಷಣದ ಚರಿತ್ರೆಯಲ್ಲಿ ಕಂಠಪಾಠ, ನಿಘ��ಟು, ಅಕ್ಷರಕ್ರಮ ಇವು ಒಂದಾದ ಮೇಲೊಂದು ಪದಗಳ ಆಯ್ಕೆಯನ್ನು ನಿರ್ಧರಿಸಿವೆ. ಮಗುವಿನ ಯೋಚನೆಯ ಅಗತ್ಯ ಅದನ್ನು ನಿರ್ಧರಿಸಿದ್ದು ಅಪರೂಪ. ಎರಡನೆಯದಾಗಿ, ಕೀಲುಪದಗಳು ಓದಿನ ಪಾಠಕ್ಕೆ ತಡವಾಗಿ ಬರುವುದು ಲಿಪಿಯ ಕಾರಣದಿಂದ ಅನಿವಾರ್ಯವಾದರೆ, ಮಾತಿನ ಪಾಠಕ್ಕೆ ಅವು ಮೊದಲ ದಿನವೇ ಬರಬೇಕು: ‘ಇದೇನು?’ ಎಂಬುದರ ಜೊತೆಗೆ ‘ಇದೇಕೆ ಹೀಗೆ?’, ‘ಹೀಗಾಗದಿದ್ದರೆ?’, ‘ಆದರೂ?’ ಎಂಬ ಪ್ರಶ್ನೆಗಳು. ಇದಕ್ಕೆ ಹೊಸ ಪಠ್ಯವೂ ಖರ್ಚೂ ಬೇಕಿಲ್ಲ. ಮೂರನೆಯದಾಗಿ, ಪೂರ್ವ ಬೆಂಗಳೂರಿನ ಮಗುವಿನ ಭಾಷಾಸಾಮರ್ಥ್ಯವನ್ನು ಅಳೆಯುವ ಯಾವ ಪರೀಕ್ಷೆಯೂ ಮನೆಮಾತಿನಲ್ಲಿ ನೀಡಿದ ಕಾರಣವನ್ನು ಕಾರಣವೆಂದೇ ಎಣಿಸಬೇಕು.

ಭಾಷಾವಿಜ್ಞಾನಿಗಳ ಪಾಲಿಗೂ ಇಲ್ಲಿ ಬಾಕಿಯಿದೆ. ದಖನಿ ಮತ್ತು ಬೆಂಗಳೂರಿನ ತಮಿಳನ್ನು ನಾವು ಭಾಷಾಸಂಪರ್ಕದ ವಿಷಯವಾಗಿ ವಿವರಿಸಿದ್ದೇವೆ. ಆ ವಿವರಣೆಯನ್ನು ಅಂಗನವಾಡಿಯ ಶಿಕ್ಷಕಿಯ ಕೈಗೆ ತಲುಪಿಸುವ ಕೆಲಸ ಉಳಿದಿದೆ. ಆಕೆಯ ಎದುರು ಕುಳಿತ ಮಗು ‘ಕ್ಯೂಂ ಬೋಲೇ ತೋ’ ಎಂದು ಮಾತು ಆರಂಭಿಸಿದಾಗ, ಅದು ಕನ್ನಡದ ‘ಏಕೆಂದರೆ’ಗೆ ಒಂದೇ ಹೆಜ್ಜೆಯ ದೂರದಲ್ಲಿದೆ ಎಂಬುದು ಆಕೆಗೆ ತಿಳಿದಿರಬೇಕು.